ಅಗ್ನಿಶಾಮಕ ಠಾಣೆಗಳ ತಪಾಸಣೆ

ಸುಗ್ಗಿ ಮುಗಿದು ಕಣಗಳು ಬರಿದಾಗಿ, ಹಿತ್ತಿಲು ಹಿತ್ತಿಲಿನಲ್ಲಿ ಮೇವಿನ ಬಣವೆಗಳು ತಲೆಯೆತ್ತಿ ನಿಂತ ಮೇಲೆ ಮುಂಗಾರಿನ ಮೊದಲ ಮಳೆ ಬೀಳುವ ವರೆಗಿನ ಕಾಲವು ಹಾವೇರಿ ಜಿಲ್ಲೆಯ ರೈತನಿಗೆ ನಿದ್ದೆಗೇಡಿನ ಕಾಲ. ಹಾನಗಲ್ಲಿನ ಕಡೆಗೆ ಭತ್ತದ ಹುಲ್ಲು, ಹಿರೇಕೆರೂರಿನ ಕಡೆಗೆ ಗೋವಿನಜೋಳದ ದಂಟು, ಸವಣೂರಿನ ಎರೆಭೂಮಿಯಲ್ಲಿ ಬಿಡಿಸಿಟ್ಟ ಹತ್ತಿ, ಶಿಗ್ಗಾವಿಯಲ್ಲಿ ಹೆದ್ದಾರಿಯ ಮೇಲೆ ಹಗಲಿರುಳೂ ಹರಿಯುವ ತೈಲದ ಟ್ಯಾಂಕರುಗಳು. ಎಲ್ಲಿಯೋ ಎಸೆದ ಬೀಡಿಯ ತುಂಡು, ಜೋತುಬಿದ್ದ ತಂತಿಯ ಒಂದು ಕಿಡಿ ಇವಕ್ಕೆ ಸಾಕಾಗಿದೆ. ಬಣವೆ ಸುಟ್ಟ ಸುದ್ದಿ ನಗರದ ವಾಚಕರಿಗೆ ಪತ್ರಿಕೆಯ ಮೂಲೆಯಲ್ಲಿಯ ನಾಲ್ಕು ಸಾಲು. ಆದರೆ ಬಣವೆ ಕಳೆದುಕೊಂಡ ಒಕ್ಕಲಿಗನು ಮರುವಾರವೇ ತನ್ನ ಎತ್ತುಗಳನ್ನು ಸಂತೆಗೆ ಹೊಡೆಯಬೇಕಾಗುತ್ತದೆಂಬುದನ್ನು ಹಳ್ಳಿಯವರೆಲ್ಲರೂ ಬಲ್ಲರು.

ಆದುದರಿಂದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಅಗ್ನಿಶಾಮಕ ಠಾಣೆಗಳು ಸನ್ನದ್ಧವಾಗಿವೆಯೇ ಎಂಬ ಪ್ರಶ್ನೆ ಸಾಮಾನ್ಯವಾದುದಲ್ಲ. ತಪಾಸಣೆಯೇ ನಡೆಯುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ದೇಶದಲ್ಲಿ ತಪಾಸಣೆ ಎಂಬ ಮಾತಿಗೆ ದಫ್ತರ ನೋಡುವುದು ಎಂಬ ಅರ್ಥ ಹುಟ್ಟಿಕೊಂಡು ಬಹಳ ಕಾಲವಾಯಿತು. ಬಂಡಿ ಒಂದು, ಪಂಪು ಒಂದು, ಕೊಳವೆ ಇಷ್ಟು, ಏಣಿ ಎರಡು ಎಂದು ಬರೆದ ಪುಸ್ತಕಕ್ಕೂ ಕಣ್ಣೆದುರಿನ ಸಾಮಾನಿಗೂ ತಾಳೆ ಬಿದ್ದರೆ ಕೆಳಗೊಂದು ಸಹಿ ಬೀಳುತ್ತದೆ. ಬೆಂಕಿಯು ದಫ್ತರವನ್ನು ಓದುವುದಿಲ್ಲ.

ನೋಡಬೇಕಾದುದು ಏನು? ಸಾಮಾನ್ಯವಾದ ನೀರಿನ ಬಂಡಿಯೊಂದು ಹೊರುವುದು ಸುಮಾರು 4500 ಲೀಟರು. ಒಂದೇ ಕೊಳವೆಯಿಂದ ನಿಮಿಷಕ್ಕೆ 450 ಲೀಟರಿನಂತೆ ಚಿಮ್ಮಿಸಿದರೂ ಹತ್ತು ನಿಮಿಷಕ್ಕೆ ಅದು ಬರಿದು. ಎರಡು ಕೊಳವೆ ಹಿಡಿದರೆ ಐದೇ ನಿಮಿಷ. ಹೊತ್ತಿದ ಬಣವೆಯಾಗಲಿ ಹತ್ತಿಯ ಗೋದಾಮಾಗಲಿ ಹತ್ತು ನಿಮಿಷದಲ್ಲಿ ಆರುವ ವಸ್ತುವಲ್ಲ. ಮೇಲೆ ಕಪ್ಪಾಗಿ ಒಳಗೆ ದಿನಗಟ್ಟಲೆ ಕುಸುಕುಸು ಉರಿಯುತ್ತಿರುತ್ತದೆ. ಹನ್ನೊಂದನೆಯ ನಿಮಿಷದ ನೀರು ಎಲ್ಲಿಂದ ಬರಬೇಕು? ಇದೇ ತಪಾಸಣೆಯ ಮೊದಲ ಪ್ರಶ್ನೆಯಾಗಬೇಕೆಂದು ನಮ್ಮ ಅಭಿಪ್ರಾಯ.

ಕೆರೆಯಿಂದ ಬರಬೇಕೆಂಬುದು ಉತ್ತರವಾದರೆ, ಪರೀಕ್ಷೆಯೂ ಕೆರೆಯ ದಂಡೆಯಲ್ಲಿಯೇ ಆಗಲಿ. ಹಾನಗಲ್ಲಿಗೆ ಆನಿಕೆರೆ ಇದೆ, ಸವಣೂರಿಗೆ ಮೋತಿ ತಲಾಬ ಇದೆ. ಆದರೆ ಪಂಪು ನೀರನ್ನು ಹೀರಿ ಮೇಲೆತ್ತುವುದು ಗಾಳಿಯ ಒತ್ತಡದ ಬಲದಿಂದ. ಶಾಸ್ತ್ರದ ಲೆಕ್ಕಕ್ಕೆ ಹತ್ತು ಮೀಟರು ಎಂದಿದ್ದರೂ ವ್ಯವಹಾರದಲ್ಲಿ ಏಳು ಮೀಟರಿನ ಆಚೆ ಅದರ ಆಟ ನಡೆಯದು. ಆಷಾಢದಲ್ಲಿ ದಂಡೆಗೆ ತಾಗಿ ನಿಂತ ನೀರು ಚೈತ್ರದಲ್ಲಿ ಕೆಸರಿನಾಚೆ ಹಿಂದೆ ಸರಿದಿರುತ್ತದೆ. ಬಂಡಿ ಅಲ್ಲಿಯ ವರೆಗೆ ಇಳಿಯಬಲ್ಲುದೇ? ಹೀರುಕೊಳವೆ ಮುಟ್ಟುವಷ್ಟು ಉದ್ದವಿದೆಯೇ? ಅದರ ಜೋಡಣೆಯಲ್ಲಿಯ ರಬ್ಬರಿನ ಬಳೆಯೊಂದು ಬಿರಿದಿದ್ದರೆ ಪಂಪು ನೀರಿನ ಬದಲು ಗಾಳಿಯನ್ನೇ ಕುಡಿಯುತ್ತದೆ. ಲಕ್ಷಾಂತರ ರೂಪಾಯಿಯ ಬಂಡಿಯನ್ನು ನಿರರ್ಥಕ ಮಾಡಲು ಕೆಲವೇ ರೂಪಾಯಿಯ ಬಳೆ ಸಾಕು. ಬೆಂಕಿ ಬಿದ್ದಾಗ ಬಾವಿ ತೋಡಬಾರದೆಂಬ ಗಾದೆ ಹಳೆಯದು. ಬಾವಿ ತುಂಬಿದ್ದೂ ನೀರು ಮೇಲೇಳದಿದ್ದರೆ ಅದಕ್ಕೆ ನಮ್ಮ ಹಿರಿಯರು ಗಾದೆಯನ್ನೇ ಮಾಡಲಿಲ್ಲ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರ ವರೆಗೆ ಅಗ್ನಿಶಾಮಕ ಸಪ್ತಾಹವು ನಡೆಯುತ್ತದೆ. ಶಾಲೆಯ ಮಕ್ಕಳ ಮುಂದೆ ಪ್ರದರ್ಶನಗಳಾಗುತ್ತವೆ, ಆಗಲಿ. ಆದರೆ ಪ್ರದರ್ಶನಕ್ಕೆಂದು ಹೊತ್ತಿಸಿದ ಬೆಂಕಿ ಬಹಳ ಸಭ್ಯವಾದುದು, ಅತಿಥಿಗಳು ಆಸನಾರೂಢರಾಗುವ ವರೆಗೆ ಕಾಯುತ್ತದೆ. ಈ ಸಪ್ತಾಹ ಹುಟ್ಟಿದ್ದು ಅಂಥ ಬೆಂಕಿಯಿಂದಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿಗೆ ಕಿಚ್ಚು ತಗುಲಿತು. ಒಂದೇ ಹಡಗಿನಲ್ಲಿ ಹತ್ತಿಯ ಅಂಡಿಗೆಗಳನ್ನೂ ಸಿಡಿಮದ್ದನ್ನೂ ತುಂಬಿದ್ದರು. ಆರಿಸಲು ಹೋದವರಲ್ಲಿ 66 ಮಂದಿ ಅಗ್ನಿಶಾಮಕರು ಆಹುತಿಯಾದರು. ಅವರ ಸ್ಮರಣೆಯ ವಾರದಲ್ಲಿ ಈ ನಾಲ್ಕು ಠಾಣೆಗಳ ಜವಾನರ ಮೈಮೇಲಿನ ಉಡುಪು, ಶಿರಸ್ತ್ರಾಣ, ಹೊಗೆಯೊಳಗೆ ಉಸಿರಾಡುವ ಸಾಧನಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡುವುದು ಭಾಷಣಕ್ಕಿಂತ ಹೆಚ್ಚಿನ ಗೌರವವೆಂದು ನಾವು ತಿಳಿಯುತ್ತೇವೆ. ಉಸಿರಿನ ಸಿಲಿಂಡರಿನಲ್ಲಿ ಗಾಳಿ ತುಂಬಿಲ್ಲದಿದ್ದರೆ ಅದು ಬೆನ್ನಿಗೆ ಕಟ್ಟಿದ ಕಲ್ಲು. ಆಳುಗಳ ಲೆಕ್ಕವೂ ಹೀಗೆಯೇ: ಮಂಜೂರಾದವರು ಎಷ್ಟು ಎಂದು ಕೇಳುವುದಕ್ಕಿಂತ, ರಾತ್ರಿ ಎರಡು ಗಂಟೆಗೆ ಕರೆ ಬಂದರೆ ಬಂಡಿ ಹತ್ತುವವರು ಎಷ್ಟು ಜನ ಎಂದು ಕೇಳಬೇಕು.

ಬಂಡಿಗಳ ವಿಷಯದಲ್ಲಿ ಒಂದು ಹೊಸ ತೊಡಕು ಬಂದಿದೆ. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ ಮುಂದುವರಿಯಕೂಡದೆಂಬ ಕೇಂದ್ರ ಸರಕಾರದ ನಿಯಮವು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಹಳತಾದ ಯಂತ್ರಕ್ಕೆ ಜನರ ಪ್ರಾಣವನ್ನು ಒಪ್ಪಿಸಬೇಕೆಂದು ಯಾರೂ ವಾದಿಸಲಾರರು. ಆದರೆ ದಿನವೂ ಓಡುವ ಜೀಪಿನ ಹದಿನೈದು ವರ್ಷವೂ, ಕರೆ ಬಂದಾಗ ಮಾತ್ರ ಹೊರಡುವ ಅಗ್ನಿಶಾಮಕ ಬಂಡಿಯ ಹದಿನೈದು ವರ್ಷವೂ ಒಂದೇ ತೂಕದವಲ್ಲ. ಏನೇ ಇರಲಿ, ನಿಯಮ ನಿಯಮವೇ. ಹಳೆಯದನ್ನು ನಿಲ್ಲಿಸುವ ದಿನವೇ ಹೊಸದು ಠಾಣೆಯ ಬಾಗಿಲಲ್ಲಿರಬೇಕು. ಹದಿನೈದನೆಯ ಹಣಕಾಸು ಆಯೋಗವು ಅಗ್ನಿಶಾಮಕ ಸೇವೆಗಳ ವಿಸ್ತರಣೆಗೂ ಆಧುನೀಕರಣಕ್ಕೂ 5000 ಕೋಟಿ ರೂಪಾಯಿಗಳನ್ನು ಶಿಫಾರಸು ಮಾಡಿ, 2023ರಲ್ಲಿ ಅದರ ಯೋಜನೆಯೂ ಹೊರಟಿತು. ರಾಜ್ಯಗಳೂ ತಮ್ಮ ಪಾಲನ್ನು ಹಾಕಬೇಕು. ಆ ಹಣದ ಹೊಳೆಯಲ್ಲಿ ಹಿರೇಕೆರೂರಿನ ಕಾಲುವೆಗೆ ಎಷ್ಟು ಹರಿಯಿತೆಂದು ನಮ್ಮ ಶಾಸಕರು ಕೇಳಿ ತಿಳಿಸಲಿ.

ದೂರದ ಮಾತನ್ನೂ ಮರೆಯಲಾಗದು. ಗ್ರಾಮ ಪ್ರದೇಶದಲ್ಲಿ 50 ಚದರ ಕಿಲೋಮೀಟರಿಗೆ ಒಂದು ಠಾಣೆ, ಕರೆ ಬಂದ 20 ನಿಮಿಷಗಳೊಳಗೆ ನೀರು ಎಂಬುದು ಕೇಂದ್ರದ ಸ್ಥಾಯೀ ಅಗ್ನಿಶಾಮಕ ಸಲಹಾ ಮಂಡಲಿಯು ಹಾಕಿದ ಅಳತೆ. 4823 ಚದರ ಕಿಲೋಮೀಟರಿನ ಹಾವೇರಿ ಜಿಲ್ಲೆಯನ್ನು ಎಂಟೂ ತಾಲೂಕುಗಳಿಗೆ ಹಂಚಿದರೆ ತಲೆಗೆ 600ರಷ್ಟಾಗುತ್ತದೆ. ಅಂದ ಮೇಲೆ ಒಂದು ಠಾಣೆಯ ಬಂಡಿ ಕೆಟ್ಟು ನಿಂತರೆ ನೆರೆಯ ತಾಲೂಕಿನ ಬಂಡಿಯೇ ಗತಿ. 2024ರ ಮಾರ್ಚ್ 11ರಂದು ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಧಾರಣೆ ಕುಸಿದು, ರೊಚ್ಚಿಗೆದ್ದವರು ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟಾಗ ಅಗ್ನಿಶಾಮಕ ಬಂಡಿಯೂ ಆ ಸಿಟ್ಟಿನಿಂದ ಪಾರಾಗಲಿಲ್ಲ. 2023ರ ಆಗಸ್ಟ್ 29ರಂದು ಹಾವೇರಿಯ ಬಳಿ ಆಲದಕಟ್ಟಿಯ ಪಟಾಕಿ ಗೋದಾಮಿನಲ್ಲಿ ಬಡ ಕೂಲಿಕಾರರು ಸುಟ್ಟು ಸತ್ತರು. ಇಂಥ ದಿನ ನೆರೆಯ ಠಾಣೆಗಳ ಬಲವೇ ಬಲ.

ಇನ್ನು ಊರಾಡಳಿತಗಳಿಗೆ ಎರಡು ಮಾತು. ಕರ್ನಾಟಕದಲ್ಲಿ ಅಗ್ನಿಶಾಮಕ ದಳವು 1964ರ ಕಾಯದೆಯ ಮೇರೆಗೆ ರಾಜ್ಯ ಸರಕಾರದ ಕೈಯಲ್ಲಿದೆ. ಸಂವಿಧಾನದ ಹನ್ನೆರಡನೆಯ ಅನುಸೂಚಿಯಾದರೋ ಅಗ್ನಿಶಾಮಕ ಸೇವೆಯನ್ನು ಪೌರಸಂಸ್ಥೆಗಳ ವಿಷಯಗಳಲ್ಲಿ ಸೇರಿಸಿದೆ. ಬಂಡಿ ಸರಕಾರದ್ದಾದರೂ ಬಂಡಿ ಹೋಗುವ ಓಣಿ ಪುರಸಭೆಯದು. ನವಾಬರ ಕಾಲದ ಸವಣೂರಿನ ಹಳೆಯ ಓಣಿಗಳನ್ನು ಅಗಲಿಸುವುದು ಒಂದು ದಿನದ ಕೆಲಸವಲ್ಲ. ಆದರೆ ಅವುಗಳಲ್ಲಿ ಮುಂದೆ ಚಾಚಿದ ಕಟ್ಟೆ, ಅಡ್ಡ ನಿಂತ ವಾಹನ, ಕೆಳಗಿಳಿದ ತಂತಿಗಳನ್ನು ಸರಿಸುವುದು ಸಾಧ್ಯವಿದೆ. ಕುಡಿಯುವ ನೀರಿನ ಮೇಲ್ತೊಟ್ಟಿಗಳ ಬುಡದಲ್ಲಿ ಬಂಡಿಯ ಕೊಳವೆಗೆ ಒಪ್ಪುವ ದೊಡ್ಡ ನಳವೊಂದನ್ನು ಕೂಡಿಸಿ, ಅದರ ಕೀಲಿ ಯಾರ ಕೈಯಲ್ಲಿ ಇರುತ್ತದೆಂಬುದನ್ನು ಠಾಣೆಗೆ ತಿಳಿಸಿದರೆ ಹನ್ನೊಂದನೆಯ ನಿಮಿಷದ ಪ್ರಶ್ನೆಗೆ ಅರ್ಧ ಉತ್ತರ ದೊರೆಯಿತು.

ಜಿಲ್ಲಾಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಬರುವ ಬೇಸಗೆಯಲ್ಲಿ, ಕೆರೆಗಳು ತಳ ಕಂಡಾಗ, ಮುಂಗಡ ಸೂಚನೆಯಿಲ್ಲದೆ ಒಂದು ರಾತ್ರಿ ಈ ನಾಲ್ಕು ಠಾಣೆಗಳಿಗೆ ಕರೆ ಹೋಗಲಿ. ತಾಲೂಕಿನ ಗಡಿಯ ಹಳ್ಳಿಯೊಂದಕ್ಕೆ ಬಂಡಿ ಬರಲಿ; ತಹಶೀಲದಾರರೂ ಊರಿನ ಇಬ್ಬರು ಹಿರಿಯರೂ ಗಡಿಯಾರ ಹಿಡಿದು ನಿಲ್ಲಲಿ; ಬಂಡಿಯ ತೊಟ್ಟಿ ಬರಿದಾದ ಮೇಲೆ ಹತ್ತಿರದ ಕೆರೆಯಿಂದಲೋ ಬಾವಿಯಿಂದಲೋ ನೀರು ಎದ್ದು ಕೊಳವೆಯ ತುದಿಗೆ ಬರಲು ಎಷ್ಟು ನಿಮಿಷ ಹಿಡಿಯಿತೆಂದು ಬರೆದು ಠಾಣೆಯ ಹಾಗೂ ಪುರಸಭೆಯ ಹಲಗೆಗಳ ಮೇಲೆ ಹಚ್ಚಲಿ. ಆ ನಾಲ್ಕು ಅಂಕಿಗಳನ್ನು ನಾವೂ ಈ ಅಂಕಣದಲ್ಲಿ ಸಂತೋಷದಿಂದ ಪ್ರಕಟಿಸುವೆವು.