ನಿವೃತ್ತಿಯ ದಿನವೇ ಕಳಚುವ ರಕ್ಷಣೆ

ದೊಡ್ಡಬಳ್ಳಾಪುರದ ಜವಳಿ ಕಾರ್ಖಾನೆಯಲ್ಲೋ ಹೊಸಕೋಟೆಯ ವಾಹನ ಉದ್ಯಮದಲ್ಲೋ ದುಡಿದು ನಿವೃತ್ತರಾಗುವವರಿಗೆ ಹಾರ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಬೀಳ್ಕೊಡುಗೆ ದೊರೆಯುತ್ತದೆ. ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಅಲ್ಲಿಗೇ ಮುಗಿಯಿತೆಂದು ತಿಳಿಸುವವರು ವಿರಳ. ಕಾಯಿಲೆಗಳು ಬೆನ್ನುಹತ್ತುವ ವಯಸ್ಸಿನಲ್ಲಿಯೇ ರಕ್ಷಣೆ ಕಳಚಿಬೀಳುವುದು ವಿಪರ್ಯಾಸವಲ್ಲವೇ?

ಅಲ್ಪ ಪಿಂಚಣಿಯನ್ನು ನೆಚ್ಚಿದವರಿಗೆ ದುಬಾರಿ ಕಂತು ಕಟ್ಟಿರೆಂದು ಉಪದೇಶಿಸುವುದು ಅರ್ಥಹೀನ. ಅವರು ಮೊದಲು ತಮ್ಮ ಹಕ್ಕನ್ನು ಅರಿಯಬೇಕು. ಕನಿಷ್ಠ 5 ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ವಯೋನಿವೃತ್ತಿ ಹೊಂದಿದ ಕಾರ್ಮಿಕರು ವರ್ಷಕ್ಕೆ 120 ರೂಪಾಯಿ ಪಾವತಿಸಿ, ತಮಗೂ ಪತಿ ಅಥವಾ ಪತ್ನಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಸಿಕೊಳ್ಳಬಹುದು. ಹಾಲು ಉತ್ಪಾದಕರ ಸಂಘದಂತಹ ಸಹಕಾರ ಸಂಘಗಳ ಸದಸ್ಯರಿಗೆ ಯಶಸ್ವಿನಿ ಯೋಜನೆಯಿದೆ. 2003ರಲ್ಲಿ ಜಾರಿಗೊಂಡು, 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಅದು 2022ರಲ್ಲಿ ಮರುಜೀವ ಪಡೆಯಿತು. ಇನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ರಕ್ಷಣೆಯಿದ್ದರೆ, ಎಪಿಎಲ್ ಕುಟುಂಬಕ್ಕೆ ಸಿಗುವುದು ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ.

ಹೀಗಾಗಿ ಪೂರಕ ವಿಮೆ ಹೆಚ್ಚಾಗಿ ಬೇಕಾಗಿರುವುದು ಈ ನಡುವಿನ ವರ್ಗಕ್ಕೆ. ಇಲ್ಲಿ ‘ಟಾಪ್‌ಅಪ್’ ಮತ್ತು ‘ಸೂಪರ್ ಟಾಪ್‌ಅಪ್’ ಎಂಬ ಎರಡು ಹೆಸರುಗಳು ಗೊಂದಲ ಹುಟ್ಟಿಸುತ್ತವೆ. 3 ಲಕ್ಷದ ಮೂಲ ವಿಮೆಯಿರುವವರು 3 ಲಕ್ಷ ಮೀರಿದ ವೆಚ್ಚಕ್ಕೆಂದು ಪೂರಕ ವಿಮೆ ಪಡೆದಿದ್ದಾರೆ ಎನ್ನೋಣ. ಒಂದೇ ವರ್ಷದಲ್ಲಿ ಎರಡು ಬಾರಿ ಆಸ್ಪತ್ರೆ ಸೇರಿ, ಪ್ರತಿ ಬಾರಿ ಎರಡೂವರೆ ಲಕ್ಷ ವೆಚ್ಚವಾಯಿತು. ಮೂಲ ವಿಮೆ 3 ಲಕ್ಷಕ್ಕೆ ಬರಿದಾಗುತ್ತದೆ. ಯಾವ ಬಿಲ್ಲೂ ಪ್ರತ್ಯೇಕವಾಗಿ 3 ಲಕ್ಷ ದಾಟದ ಕಾರಣ ಸಾದಾ ಟಾಪ್‌ಅಪ್ ಚಿಕ್ಕಾಸನ್ನೂ ಕೊಡದು. ವರ್ಷದ ಒಟ್ಟು ವೆಚ್ಚವನ್ನು ಪರಿಗಣಿಸುವ ಸೂಪರ್ ಟಾಪ್‌ಅಪ್ ಉಳಿದ 2 ಲಕ್ಷವನ್ನು ಭರಿಸುತ್ತದೆ. ಒಂದು ಪದದ ವ್ಯತ್ಯಾಸಕ್ಕೆ ಎಷ್ಟು ಬೆಲೆ!

65 ದಾಟಿದವರಿಗೆ ವಿಮೆ ನಿರಾಕರಿಸಲು ಅವಕಾಶ ನೀಡಿದ್ದ ಹಳೆಯ ನಿಯಮವನ್ನು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಕೈಬಿಟ್ಟಿದೆ. ಮೊದಲೇ ಇರುವ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನು 3 ವರ್ಷಕ್ಕೆ ಇಳಿಸಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿಯೂ ರದ್ದಾಗಿದೆ. ಇವು ಸ್ವಾಗತಾರ್ಹ. ಆದರೂ ನಿವೃತ್ತಿಯ ನಂತರ ಹೊಸ ಪಾಲಿಸಿ ಕೊಂಡವರು ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ವರ್ಷಗಟ್ಟಲೆ ಕಾಯಬೇಕಾದೀತು. ಆದ್ದರಿಂದ ಸೇವೆಯಲ್ಲಿರುವಾಗಲೇ ಗುಂಪು ವಿಮೆಯನ್ನು ಅದೇ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಯತ್ನಿಸುವುದು ಜಾಣತನ. ಕಾದ ಅವಧಿ ಆಗ ವ್ಯರ್ಥವಾಗುವುದಿಲ್ಲ. ಇರುವ ಕಾಯಿಲೆಯನ್ನು ಮುಚ್ಚಿಡಬಾರದು. ಕೊಠಡಿ ಬಾಡಿಗೆಯ ಮಿತಿ, ರೋಗಿಯೇ ಭರಿಸಬೇಕಾದ ಪಾಲು ಎಷ್ಟೆಂದು ಸಹಿ ಹಾಕುವ ಮುನ್ನವೇ ಕೇಳಬೇಕು.

ಆದರೆ ಎಲ್ಲ ಹೊಣೆಯನ್ನೂ ವೃದ್ಧರ ಹೆಗಲಿಗೇರಿಸುವುದು ನ್ಯಾಯವಲ್ಲ. ನಿವೃತ್ತಿಗೆ ಆರು ತಿಂಗಳ ಮುಂಚೆಯೇ ಈ ಆಯ್ಕೆಗಳನ್ನು ಕನ್ನಡದಲ್ಲಿ, ಲಿಖಿತವಾಗಿ ತಿಳಿಸುವುದನ್ನು ಉದ್ಯೋಗದಾತರಿಗೆ ಕಡ್ಡಾಯಗೊಳಿಸಬೇಕು. ನೆಲಮಂಗಲ, ದೇವನಹಳ್ಳಿಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಕಾರ್ಮಿಕ ಇಲಾಖೆ ಸಲಹಾ ಶಿಬಿರ ನಡೆಸಬೇಕು. ಬೀಳ್ಕೊಡುಗೆಯ ಶಾಲಿನ ಜೊತೆ ಈ ಒಂದು ಹಾಳೆಯನ್ನೂ ಕೊಟ್ಟರೆ, ಎಷ್ಟೋ ಮನೆಗಳು ಸಾಲದಿಂದ ಪಾರಾದಾವು.