ನಕ್ಷೆಯನ್ನು ಓದುವ ಬಗೆ

ಸಮೀಕರಣ ಕೊಟ್ಟರೆ ಲೆಕ್ಕವನ್ನು ಸಲೀಸಾಗಿ ಬಿಡಿಸುವ ವಿದ್ಯಾರ್ಥಿಯೂ ಬರೀ ನಕ್ಷೆ ಕೊಟ್ಟಾಗ ತಡವರಿಸುವುದುಂಟು. ನಕ್ಷೆ ನೋಡಿ ಫಲನದ ಕ್ಷೇತ್ರ, ವ್ಯಾಪ್ತಿ ಹಾಗೂ ಬೆಲೆಗಳನ್ನು ಹೇಳಲು ಹೊಸ ಸೂತ್ರವೇನೂ ಬೇಕಿಲ್ಲ. ಪ್ರಶ್ನೆ ಯಾವ ಅಕ್ಷವನ್ನು ಕುರಿತದ್ದು ಎಂಬುದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ನೆಲದಿಂದ ನೇರ ಮೇಲಕ್ಕೆ ಎಸೆದ ಚೆಂಡಿನ ಉದಾಹರಣೆ ನೋಡಬಹುದು. ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದು, ಗಾಳಿಯ ತಡೆಯನ್ನು ಬಿಟ್ಟರೆ ಚೆಂಡು 2 ಸೆಕೆಂಡಿನಲ್ಲಿ 20 ಮೀಟರ್ ಎತ್ತರ ಮುಟ್ಟಿ, 4 ಸೆಕೆಂಡಿಗೆ ನೆಲಕ್ಕೆ ಮರಳುತ್ತದೆ. ಅಡ್ಡ ಅಕ್ಷದಲ್ಲಿ ಕಾಲವನ್ನೂ ಲಂಬ ಅಕ್ಷದಲ್ಲಿ ಎತ್ತರವನ್ನೂ ಗುರುತಿಸಿದರೆ ಕಮಾನಿನಂಥ ಪರವಲಯ ಮೂಡುತ್ತದೆ.

ಕ್ಷೇತ್ರವೆಂದರೆ ಈ ಕಮಾನು ಅಡ್ಡ ಅಕ್ಷದ ಮೇಲೆ ಆವರಿಸುವ ಭಾಗ: 0ಯಿಂದ 4. ವ್ಯಾಪ್ತಿಯೆಂದರೆ ಲಂಬ ಅಕ್ಷದ ಮೇಲೆ ಆವರಿಸುವ ಭಾಗ: 0ಯಿಂದ 20. ಎಡವುವುದು ಇಲ್ಲೇ. ವ್ಯಾಪ್ತಿಗಾಗಿ ರೇಖೆಯ ತುದಿಗಳನ್ನಷ್ಟೇ ನೋಡಿದರೆ ಎರಡೂ ಕಡೆ ಎತ್ತರ ಸೊನ್ನೆ! ನೋಡಬೇಕಾದುದು ತುದಿಗಳನ್ನಲ್ಲ, ರೇಖೆಯ ಅತಿ ಕೆಳಗಿನ ಹಾಗೂ ಅತಿ ಮೇಲಿನ ಬಿಂದುಗಳನ್ನು.

ಇನ್ನು ಎಫ್(1) ಎಂದರೆ ಎಫ್ ಅನ್ನು 1ರಿಂದ ಗುಣಿಸುವುದಲ್ಲ. ಕಾಲ 1 ಆದಾಗ ಫಲನದ ಬೆಲೆ ಎಷ್ಟು ಎಂದರ್ಥ. ಅಡ್ಡ ಅಕ್ಷದ 1ರಿಂದ ರೇಖೆಯವರೆಗೆ ಏರಿ, ಅಲ್ಲಿಂದ ಲಂಬ ಅಕ್ಷದತ್ತ ಸರಿದರೆ ಸಿಗುವುದು 15. ಪ್ರಶ್ನೆಯನ್ನು ತಿರುಗಿಸಿ, ಎತ್ತರ 15 ಮೀಟರ್ ಇದ್ದುದು ಯಾವಾಗ ಎಂದು ಕೇಳಿದರೆ ಉತ್ತರ ಎರಡು: 1 ಮತ್ತು 3. ಒಂದು ಕಾಲಕ್ಕೆ ಎತ್ತರ ಒಂದೇ. ಆದರೆ ಒಂದೇ ಎತ್ತರ ಎರಡು ಕಾಲಗಳಲ್ಲಿ ಬರಬಹುದು. ಎಫ್(5) ಎಷ್ಟು? ರೇಖೆ 4ರಲ್ಲೇ ನಿಂತಿದೆ. ಆದ್ದರಿಂದ ಆ ಬೆಲೆಯೇ ಇಲ್ಲ. ಸಮೀಕರಣದಲ್ಲಿ ಕುರುಡಾಗಿ 5 ಹಾಕಿದರೆ -25 ಬರುತ್ತದೆ; ಚೆಂಡು ನೆಲದೊಳಗೆ ಹೊಕ್ಕಂತೆ!

ತುದಿಯ ಗುರುತುಗಳನ್ನೂ ಗಮನಿಸಬೇಕು. ತುಂಬಿದ ಚುಕ್ಕೆಯಿದ್ದರೆ ಆ ಬಿಂದು ಸೇರಿದೆ, ಟೊಳ್ಳು ವೃತ್ತವಿದ್ದರೆ ಸೇರಿಲ್ಲ, ಬಾಣವಿದ್ದರೆ ರೇಖೆ ಮುಂದುವರಿಯುತ್ತದೆ. ಈ ನಕ್ಷೆಯ ಬಲತುದಿಯಲ್ಲಿ ಟೊಳ್ಳು ವೃತ್ತವಿದ್ದರೆ ಕ್ಷೇತ್ರದಿಂದ 4 ಹೊರಗುಳಿಯುತ್ತದೆ. ವ್ಯಾಪ್ತಿಯಲ್ಲಿ 0 ಮಾತ್ರ ಉಳಿಯುತ್ತದೆ. ಏಕೆಂದರೆ ಎಡತುದಿಯಲ್ಲೂ ಎತ್ತರ 0.

ಓದಿದ ಗಣಿತ ಮರೆತುಹೋಗಿರುವ ತಂದೆತಾಯಿಯೂ ಇಲ್ಲಿ ನೆರವಾಗಬಹುದು. ಮಕ್ಕಳು ಉತ್ತರ ಬರೆದಾಗ, 'ಇದನ್ನು ಯಾವ ಅಕ್ಷದಿಂದ ಓದಿದೆ?' ಎಂದು ಕೇಳಿದರೂ ಸಾಕು. ತಪ್ಪು ತಾನಾಗಿ ಹೊರಬೀಳುತ್ತದೆ.

ಅಭ್ಯಾಸಕ್ಕೆ: ಚೆಂಡಿನ ಮೊದಲ 3 ಸೆಕೆಂಡುಗಳ ನಕ್ಷೆಯನ್ನಷ್ಟೇ ಕೊಟ್ಟರೆ ವ್ಯಾಪ್ತಿ ಎಷ್ಟು?

ಉತ್ತರ: 0ಯಿಂದ 20. ಬಲತುದಿ ನೋಡಿ 15 ಎಂದವರು ಕಮಾನಿನ ನೆತ್ತಿಯನ್ನು ಮರೆತಿದ್ದಾರೆ.