ದಶಾಂಶ ಬಿಂದುವಿನ ಮುಂದಿನ ಆರು

ಬೆರಕೆ ಪ್ಲಾಸ್ಟಿಕ್ಕಿನ ಚೂರೊಂದನ್ನು ವಿದ್ಯಾರ್ಥಿಯ ಕೈಗಿತ್ತು, ಇದರಲ್ಲಿ ಯಾವುದು ಎಷ್ಟಿದೆಯೆಂದು ಕೇಳಿದರೆ, ಆತನು ಯಂತ್ರದ ಮುಂದೆ ಕುಳಿತು ‘ಪಾಲಿಪ್ರೊಪಿಲೀನ್ ಶೇಕಡಾ 48.6’ ಎಂದು ಬರೆದು ತರುವನು. ದಶಾಂಶ ಬಿಂದುವಿನ ಮುಂದಿನ ಆ ಆರು ಎಲ್ಲಿಂದ ಬಂದಿತೆಂದರೆ ಉತ್ತರವಿಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ಮೊದಲು ಕಲಿಸಬೇಕಾದುದು ಆ ಉತ್ತರವನ್ನೇ ಎಂಬುದು ನನ್ನ ಅಭಿಪ್ರಾಯ.

ಕಿರೀಟದ ಚಿನ್ನದಲ್ಲಿ ಬೆರೆತಿದ್ದ ಬೆಳ್ಳಿಯನ್ನು ಆರ್ಕಿಮಿಡೀಸನು ಪತ್ತೆ ಮಾಡಿದ ಕಥೆಯನ್ನು ವಾಚಕರು ಬಲ್ಲರು. ಆ ಉಪಾಯ ಇಲ್ಲಿ ಸಲ್ಲುವುದೇ? ಅಧಿಕಸಾಂದ್ರತೆಯ ಪಾಲಿಎಥಿಲೀನು ಘನ ಸೆಂಟಿಮೀಟರಿಗೆ ಸುಮಾರು 0.95 ಗ್ರಾಂ ತೂಗುವುದು. ಪಾಲಿಪ್ರೊಪಿಲೀನು ಸುಮಾರು 0.90. ಎರಡನ್ನೂ ಸಮಗಾತ್ರದಲ್ಲಿ ಬೆರೆಸಿದರೆ ಸುಮಾರು 0.925. ಆದರೆ ಅಲ್ಪಸಾಂದ್ರತೆಯ ಪಾಲಿಎಥಿಲೀನು ತಾನೊಂದೇ ಇದ್ದರೂ ಅಷ್ಟೇ ತೂಗಬಲ್ಲುದು! ಮೇಲಾಗಿ ತಯಾರಕನು ಸುಣ್ಣಕಲ್ಲಿನ ಪುಡಿಯನ್ನು ಸೇರಿಸಿದ್ದರೆ ಲೆಕ್ಕವೆಲ್ಲ ತಲೆಕೆಳಗು. ಒಂದು ಸಮೀಕರಣದಿಂದ ಎರಡು ಅಜ್ಞಾತಗಳನ್ನು ಬಿಡಿಸಲಾಗದು.

ಕಾಯಿಸಿ ನೋಡುವುದು ಲೇಸು. ಡಿಫರೆನ್ಷಿಯಲ್ ಸ್ಕ್ಯಾನಿಂಗ್ ಕೆಲೊರಿಮೀಟರ್ ಎಂಬ ಉಪಕರಣದಲ್ಲಿ ಕೆಲವು ಮಿಲಿಗ್ರಾಂ ವಸ್ತುವನ್ನು ನಿಯತ ವೇಗದಲ್ಲಿ ಕಾಯಿಸಿದರೆ, ಅದು ಕರಗಲು ಹೀರುವ ಉಷ್ಣವು ನಕ್ಷೆಯಲ್ಲಿ ಶಿಖರವಾಗಿ ಮೂಡುವುದು. 130 ಡಿಗ್ರಿ ಸೆಲ್ಸಿಯಸ್ಸಿನ ಬಳಿ ಪಾಲಿಎಥಿಲೀನಿನದು, 160ರ ಆಸುಪಾಸಿನಲ್ಲಿ ಪಾಲಿಪ್ರೊಪಿಲೀನಿನದು. ಇವು ಒಂದರಲ್ಲೊಂದು ಲೀನವಾಗದೆ ಎಣ್ಣೆ-ನೀರಿನಂತೆ ಬೇರೆಯಾಗಿಯೇ ನಿಲ್ಲುವುದರಿಂದ ಎರಡು ಶಿಖರಗಳು. ಆದರೆ ಶಿಖರದ ವಿಸ್ತೀರ್ಣವನ್ನೇ ಪ್ರಮಾಣವೆಂದು ಎಣಿಸುವುದು ದುಡುಕು. ಅಲ್ಲಿ ಕರಗುವುದು ಸ್ಫಟಿಕಭಾಗ ಮಾತ್ರ. ಅದು ಎಷ್ಟಿರುವುದೆಂಬುದು ವಸ್ತುವು ಹಿಂದೆ ಎಷ್ಟು ಬೇಗ ತಣಿದಿತ್ತೆಂಬುದನ್ನು ಅವಲಂಬಿಸಿದೆ. ಆದುದರಿಂದ ಚೂರನ್ನು ಒಮ್ಮೆ ಪೂರ್ಣ ಕರಗಿಸಿ, ನಿಯತ ವೇಗದಲ್ಲಿ ತಣಿಸಿ, ಎರಡನೆಯ ಬಾರಿ ಕಾಯಿಸಿ ಅಳೆಯಬೇಕು. ತಾವೇ ತೂಗಿ ಬೆರೆಸಿದ ಮಾದರಿಗಳನ್ನೂ ಹಾಗೆಯೇ ಅಳೆದು ಹೋಲಿಸಬೇಕು. ಬೇಸರದ ಕೆಲಸ; ಎಲ್ಲರೂ ಬಿಡುವುದು ಇದನ್ನೇ.

ಅವಕೆಂಪು ರೋಹಿತದಿಂದಲೂ ತಿಳಿಯಬಹುದು. ಆದರೆ ಚೂರನ್ನು ಹರಳಿಗೆ ಒತ್ತಿ ನೋಡುವ ವಿಧಾನದಲ್ಲಿ ಕಿರಣವು ಒಂದೆರಡು ಮೈಕ್ರೊಮೀಟರಿನಷ್ಟು ಮಾತ್ರ ಒಳಗಿಳಿಯುವುದು. ಒಡಲಿನ ಸಮಾಚಾರ ಅದಕ್ಕೆ ತಿಳಿಯದು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಮರುಬಳಕೆಯ ಪ್ಲಾಸ್ಟಿಕ್ಕಿನಲ್ಲಿ ಇವೆರಡೂ ಬೆರೆತು ಬರುವುದು ಸಾಮಾನ್ಯ. ಎರಡರ ಗಡಿಯಲ್ಲಿ ಹಿಡಿತ ದುರ್ಬಲವಾದುದರಿಂದ, ಪೆಟ್ಟು ಬಿದ್ದಾಗ ಬಿರುಕು ಅಲ್ಲಿಂದಲೇ ಹೊರಡಬಹುದು. 48.6ನ್ನು ನಂಬಿ ಕುರ್ಚಿ ಮಾಡಿದವನು, ಅದರ ಕಾಲು ಮುರಿದ ದಿನ ಯಾರನ್ನು ಕೇಳಬೇಕು?

ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಒಂದೇ ತುಂಡಿನ ಮೂರು ಕಡೆಯಿಂದ ಚೂರು ಕತ್ತರಿಸಿ ಅಳೆದು, 41, 48, 53 ಎಂಬ ಮೂರು ಉತ್ತರಗಳನ್ನು ತಂದಳು. ಎಲ್ಲಿಯೋ ತಪ್ಪಾಗಿದೆಯೆಂದು ಆಕೆಯ ಮುಖ ಬಾಡಿತ್ತು. ಮೂರನ್ನೂ ಹಾಗೆಯೇ ಬರೆಯಲು ಹೇಳಿ, ಪೂರ್ಣ ಅಂಕ ಕೊಟ್ಟೆನು.